ಮಳೆಗಾಲದಲ್ಲಿ ಹಳೇ ವಿಡಿಯೋ ಗೇಮ್ ಸೆಟ್ ಹೇಗೆ ಉಳಿಸಿಕೊಳ್ತೀರಿ? ಡಬ್ಬಾ ಟಿವಿ ಗುಜರಿಗೆ ಹಾಕಲೋ ಬೇಡವೋ?

ಮೂಡಿಗೆರೆ_ಮಳೆ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಹೊಸಬ. ಮನೆ ಮೂಡಿಗೆರೆ ಹತ್ತಿರ, ಕೆಲಸ ಚಿಕ್ಕಮಗಳೂರಿನಲ್ಲಿ.

ಮಳೆ ಹಿಡಿಯುವ ಮುಂಚೆ ಒಡೆದ ಹೆಂಚು ಬದಲಾಯಿಸೋಣ ಅಂತ ಅಟ್ಟ ಖಾಲಿ ಮಾಡಿದೆವು. ಮೀಡಿಯಾ ಕಂಪನಿಯ ಟಿವಿ ವಿಡಿಯೋ ಗೇಮ್ ಸಿಕ್ಕಿತು. ಎರಡು ರಿಮೋಟ್, ಒಂದು ಬಂದೂಕು, ಒಂದು ಚೀಲ ಕ್ಯಾಸೆಟ್. ಜೊತೆಗೆ 14 ಇಂಚಿನ ಒನಿಡಾ ಕಲರ್ ಟಿವಿ. ಅದೇ, ಹಿಂದೆ ಗೂನು ಇರುವ ಡಬ್ಬಾ ಟಿವಿ. ಗುಜರಿಯವನು ಶನಿವಾರ ಬರುತ್ತಾನೆ. ಟಿವಿ ಕೊಟ್ಟುಬಿಡು, ಜಾಗ ಉಳಿಯುತ್ತೆ ಅಂತ ಅಪ್ಪ ಹೇಳುತ್ತಿದ್ದಾರೆ.

ಸೆಟ್ ಇಟ್ಟುಕೊಂಡು ಈಗಿನ ಟಿವಿಗೇ ಹಾಕಿದರೆ ಆಗಲ್ವಾ? ನಮ್ಮ ಕಡೆ ಜೂನ್ ಬಂತು ಅಂದರೆ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತೆ. ಇವನ್ನೆಲ್ಲ ಕಾಪಾಡುವುದು ಹೇಗೆ? ಇನ್ನೂ ಕರೆಂಟಿಗೆ ಹಾಕಿ ನೋಡಿಲ್ಲ. ಅಡಾಪ್ಟರ್ ಕಾಣೆಯಾಗಿದೆ.

ಟ್ಯೂಬ್_ಮೇಷ್ಟ್ರು · ಭಾನುವಾರ ರಾತ್ರಿ

ಮಳೆಯವರೇ, ಟಿವಿ ಕೊಡಬೇಡಿ. ಮೊದಲು ಇಷ್ಟು ಹೇಳಿ ಆಮೇಲೆ ಉಳಿದದ್ದು ಹೇಳುತ್ತೇನೆ.

ಹಾಸನದಲ್ಲಿ ಬಹಳ ಕಾಲ ಟಿವಿ ರಿಪೇರಿ ಮಾಡಿದವನು ನಾನು. ಗುಜರಿಯಲ್ಲಿ ಅದಕ್ಕೆ ಸಿಗುವ ದುಡ್ಡು ಒಂದು ಊಟಕ್ಕೂ ಸಾಲದು. ಅವರಿಗೆ ಬೇಕಿರುವುದು ಒಳಗಿನ ತಾಮ್ರ ಅಷ್ಟೇ. ಪಿಕ್ಚರ್ ಟ್ಯೂಬ್ ಟಿವಿ ಈಗ ಹೊಸದಾಗಿ ಅಂಗಡಿಗೆ ಬರುವುದಿಲ್ಲ. ಹೋದದ್ದು ಹೋಯಿತು.

ಅಡಾಪ್ಟರ್ ವಿಷಯ ಜೋಪಾನ. ಮನೆಯಲ್ಲಿರುವ ಯಾವುದೋ ವೈಫೈ ಡಬ್ಬಿಯ ಅಡಾಪ್ಟರ್ ಪಿನ್ ಕೂರುತ್ತೆ ಅಂತ ಚುಚ್ಚಬೇಡಿ. ಇಂಥ ಸೆಟ್ಟುಗಳು ಸಾಮಾನ್ಯವಾಗಿ 9 ವೋಲ್ಟ್ ಡಿಸಿಯವು, ಮಧ್ಯದ ಪಿನ್ ಮೈನಸ್. ಈಗಿನ ಅಡಾಪ್ಟರುಗಳಲ್ಲಿ ಹೆಚ್ಚಿನವು ಮಧ್ಯ ಪ್ಲಸ್. ಉಲ್ಟಾ ಹಾಕಿದರೆ ಒಳಗಿನ ರೆಗ್ಯುಲೇಟರ್ ಸುಡಬಹುದು, ಕೆಲವೊಮ್ಮೆ ಅದರ ಜೊತೆ ಚಿಪ್ಪೂ ಹೋಗುತ್ತೆ. ಸೆಟ್ಟಿನ ಹಿಂದೆ ವೃತ್ತದೊಳಗೆ ಚುಕ್ಕಿ ಇರುವ ಗುರುತು ಇರುತ್ತದೆ, ಅದನ್ನು ಓದಿ. ಗುರುತು ಅಳಿಸಿದ್ದರೆ ಮೀಟರ್ ಇರುವವರ ಹತ್ತಿರ ತೋರಿಸಿ. ಇಂಥ ಸೆಟ್ಟುಗಳೆಲ್ಲ ಜಪಾನಿನ ನಿಂಟೆಂಡೋ ಕಂಪನಿಯ ಸೆಟ್ಟಿನ ನಕಲು, ಆದರೆ ನಿಂಟೆಂಡೋದ ಅಸಲಿ ಅಮೆರಿಕನ್ ಸೆಟ್ಟಿಗೆ 9 ವೋಲ್ಟ್ ಎಸಿ ಅಡಾಪ್ಟರ್ ಬರುತ್ತಿತ್ತು. ಅದನ್ನು ಇದಕ್ಕೆ ಹಾಕಬಾರದು.

ಇನ್ನೊಂದು ಮಾತು. ಟಿವಿಯ ಹಿಂದಿನ ಕವರ್ ಬಿಚ್ಚಬೇಡಿ. ಯೂಟ್ಯೂಬ್ ನೋಡಿಯೂ ಬಿಚ್ಚಬೇಡಿ. ಕಲರ್ ಟ್ಯೂಬಿಗೆ 20 ಸಾವಿರ ವೋಲ್ಟಿನ ಮೇಲೆ ಹೋಗುತ್ತೆ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಅದು ಉಳಿದಿರುತ್ತೆ. ಧೂಳು ಹೊರಗಿನಿಂದ ಬ್ರಷ್‌ನಲ್ಲಿ ಹೊಡೆಯಿರಿ, ಸಾಕು.

ಕಡೂರು_ಕಾಂಟ್ರಾ · ಭಾನುವಾರ ರಾತ್ರಿ

ಬಂದೂಕು ಸಹ ಇದೆಯಾ! ಪುಣ್ಯವಂತರು ಮಾರಾಯ್ರೇ. ನಮ್ಮದರ ಬಂದೂಕನ್ನು ತಮ್ಮ ಹೋಳಿ ಹಬ್ಬಕ್ಕೆ ತಗೊಂಡು ಹೋಗಿ ನೀರು ತುಂಬಿಸಲು ನೋಡಿದ್ದ.

ಎಂಟು_ಬಿಟ್ · ಸೋಮವಾರ ಬೆಳಿಗ್ಗೆ

ಮೇಷ್ಟ್ರೇ, ಸಿಟ್ಟಾಗಬೇಡಿ. 14 ಇಂಚಿನ ಟಿವಿಗಾಗಿ ಮನೆಯಲ್ಲಿ ಒಂದು ಮೂಲೆ ಬಿಟ್ಟುಕೊಡುವುದು ಎಲ್ಲರಿಗೂ ಆಗಲ್ಲ. ನಾನು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಾ ಹಾಸ್ಟೆಲ್‌ನಲ್ಲಿದ್ದೇನೆ. ನನ್ನ ಹತ್ತಿರ ರಾಸ್ಪ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್, ಒಂದು ಯುಎಸ್‌ಬಿ ರಿಮೋಟ್, ಅಷ್ಟೇ. ಎಲ್ಲ ಆಟವೂ ಒಂದು ಮೆಮೊರಿ ಕಾರ್ಡ್‌ನಲ್ಲಿ ಕೂರುತ್ತೆ. 1985ರ ಸೂಪರ್ ಮಾರಿಯೋ ಇಡೀ ಗೇಮು 40 ಕೆಬಿ. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದಿರುತ್ತೆ. ಮೋಡವನ್ನೂ ಪೊದೆಯನ್ನೂ ಒಂದೇ ಚಿತ್ರದಲ್ಲಿ ಬರೀ ಬಣ್ಣ ಬದಲಿಸಿ ತೋರಿಸಿದ್ದಾರೆ, ಜಾಗ ಉಳಿಸಲು. ಅಂಥ ಜಾಣತನ ನೋಡಲು ಡಬ್ಬಾ ಟಿವಿ ಬೇಕಿಲ್ಲ.

ಬೂಷ್ಟು ಹಿಡಿಯುವ ಊರಿನಲ್ಲಿ ಎಮ್ಯುಲೇಟರ್, ಅಂದರೆ ಹಳೇ ಸೆಟ್ಟಿನ ಹಾಗೇ ಕೆಲಸ ಮಾಡುವ ಸಾಫ್ಟ್‌ವೇರ್, ಒಳ್ಳೆಯದು. ಫೈಲಿಗೆ ಬೂಷ್ಟು ಹಿಡಿಯಲ್ಲ.

ಟ್ಯಾಂಕ್_ಅಕ್ಕ · ಸೋಮವಾರ ಮಧ್ಯಾಹ್ನ

ಎಂಟು_ಬಿಟ್ ತಮ್ಮಾ, ನಿನ್ನ ಎಮ್ಯುಲೇಟರ್‌ನಲ್ಲಿ ಬಂದೂಕಿಂದ ಬಾತುಕೋಳಿ ಹೊಡೆದು ತೋರಿಸಪ್ಪ.

ಆಗಲ್ಲ ಅಲ್ವಾ? ನಮ್ಮ ಅರಸೀಕೆರೆ ಮನೆಯಲ್ಲಿ ದೊಡ್ಡ ಎಲ್‌ಇಡಿ ಟಿವಿಗೆ ಹಳೇ ಸೆಟ್ ಹಾಕಿ ಡಕ್ ಹಂಟ್ ಆಡಲು ನೋಡಿದೆವು. ಒಂದೂ ಬೀಳಲಿಲ್ಲ. ಟಿವಿಗೆ ಮುಟ್ಟಿಸಿ ಹೊಡೆದರೂ ಇಲ್ಲ. ಗೇಮಿನೊಳಗಿನ ನಾಯಿ ಮಾತ್ರ ಎದ್ದು ನಿಂತು ನಗುತ್ತಿತ್ತು. ಅದು ಯಾಕೆ ಅಂತ ಮೇಷ್ಟ್ರು ಹೇಳಬೇಕು.

ಮಳೆಯವರ ಚೀಲದಲ್ಲಿ ಟ್ಯಾಂಕ್ ಗೇಮ್ ಇದ್ದರೆ ಅದೊಂದು ಸಾಕು. ಅದರ ನಿಜವಾದ ಹೆಸರು ಬ್ಯಾಟಲ್ ಸಿಟಿ. ನಾಮ್ಕೋ ಕಂಪನಿ 1985ರಲ್ಲಿ ಜಪಾನಿನಲ್ಲಿ ಬಿಟ್ಟಿದ್ದು. ನಾವು ಹೆಸರು ಓದದೇ ಆಡಿದವರು. ಅಮೆರಿಕದ ಮಕ್ಕಳಿಗೆ ಆಗ ಅಂಗಡಿಯಲ್ಲಿ ಇದು ಸಿಗುತ್ತಲೇ ಇರಲಿಲ್ಲವಂತೆ, ಅಲ್ಲಿ ಬಿಡುಗಡೆಯೇ ಆಗಲಿಲ್ಲ. ನಮಗೆ ಅರಸೀಕೆರೆಯಲ್ಲಿ ಸಿಕ್ಕಿತ್ತು. ನಕಲಿ ಕ್ಯಾಸೆಟ್ಟಿನ ಕೃಪೆ.

ಇಬ್ಬರೂ ಒಟ್ಟಿಗೆ ಆಡಬಹುದಾಗಿದ್ದ ಕೆಲವೇ ಆಟಗಳಲ್ಲಿ ಅದೊಂದು. ಮಾರಿಯೋದಲ್ಲಿ ನನ್ನ ಅಣ್ಣ ಸಾಯುವವರೆಗೂ ನಾನು ಕಾಯಬೇಕಿತ್ತು, ಅವನು ಸಾಯುತ್ತಲೇ ಇರಲಿಲ್ಲ. ಟ್ಯಾಂಕ್‌ನಲ್ಲಿ ಆ ರಗಳೆ ಇಲ್ಲ. ಮಧ್ಯ ಇಟ್ಟಿಗೆ ಗೋಡೆಯೊಳಗೆ ಹದ್ದು, ಒಬ್ಬರು ಕಾಯಬೇಕು, ಇನ್ನೊಬ್ಬರು ಹೋಗಿ ಹೊಡೆಯಬೇಕು. ಅಣ್ಣ ಬೇಕಂತಲೇ ನನ್ನ ಟ್ಯಾಂಕಿಗೆ ಗುಂಡು ಹೊಡೆಯುತ್ತಿದ್ದ. ಹೊಡೆದರೆ ಸಾಯಲ್ಲ, ಸ್ವಲ್ಪ ಹೊತ್ತು ಅಲುಗಾಡದೆ ಮಿನುಗುತ್ತಾ ನಿಲ್ಲುತ್ತೆ. ಅಷ್ಟರಲ್ಲಿ ಹದ್ದು ಹೋಗಿರುತ್ತಿತ್ತು. ಆಮೇಲೆ ನಿಜವಾದ ಯುದ್ಧ ಅಡುಗೆಮನೆಯಲ್ಲಿ, ಅಮ್ಮನ ಮುಂದೆ.

ಟ್ಯೂಬ್_ಮೇಷ್ಟ್ರು · ಸೋಮವಾರ ರಾತ್ರಿ

ಬಂದೂಕಿನ ಕಥೆ ಹೇಳುತ್ತೇನೆ. ಎಲ್ಲರೂ ಅಂದುಕೊಂಡಿದ್ದು ಬಂದೂಕಿಂದ ಟಿವಿಗೆ ಏನೋ ಹೋಗುತ್ತೆ ಅಂತ. ಏನೂ ಹೋಗಲ್ಲ. ಬಂದೂಕಿನ ನಳಿಕೆಯೊಳಗೆ ಇರುವುದು ಬೆಳಕನ್ನು ನೋಡುವ ಒಂದು ಕಣ್ಣು. ಕುದುರೆ ಎಳೆದ ತಕ್ಷಣ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಬರುತ್ತೆ. ಕಪ್ಪು, ಆಮೇಲೆ ಬಿಳಿ, ಈ ಕ್ರಮದಲ್ಲಿ ಕಣ್ಣಿಗೆ ಕಂಡರೆ ಗುಂಡು ತಾಗಿತು ಅಂತ ಲೆಕ್ಕ. ಬಲ್ಬಿಗೆ ಗುರಿ ಇಟ್ಟು ಮೋಸ ಮಾಡಬಾರದು ಅಂತಲೇ ಮೊದಲು ಕಪ್ಪು ಮಾಡುವುದು.

ಪಿಕ್ಚರ್ ಟ್ಯೂಬಿನಲ್ಲಿ ಚಿತ್ರ ಸಾಲು ಸಾಲಾಗಿ ಆಗಿಂದಾಗಲೇ ಬೀಳುತ್ತೆ. ಸೆಕೆಂಡಿಗೆ 15 ಸಾವಿರಕ್ಕೂ ಹೆಚ್ಚು ಸಾಲು. ಬಂದೂಕಿನ ಕಣ್ಣು ಆ ಮಿಣುಕಿಗೆ ಹೊಂದಿಸಿದ್ದು. ಎಲ್‌ಇಡಿ ಟಿವಿ ಚಿತ್ರವನ್ನು ಒಳಗೆ ತಗೊಂಡು, ದೊಡ್ಡದು ಮಾಡಿ, ಚಂದ ಮಾಡಿ ಆಮೇಲೆ ತೋರಿಸುತ್ತೆ. ಬಿಳಿ ಚೌಕ ಬರುವಷ್ಟರಲ್ಲಿ ಗೇಮ್ ನೋಡಿ ಮುಗಿಸಿರುತ್ತೆ. ಮಿಣುಕೂ ಬೇರೆ. ಅದಕ್ಕೆ ಅಕ್ಕನ ಬಾತು ಬೀಳಲಿಲ್ಲ.

ಇದೇ ತಡ ರಿಮೋಟ್ ಒತ್ತಿದಾಗಲೂ ಇರುತ್ತೆ. ಮಾರಿಯೋ ಒಂದು ಚೂರು ತಡವಾಗಿ ಹಾರಿ ಗುಂಡಿಗೆ ಬೀಳುತ್ತಾನೆ. ನೀವು ನಿಮಗೆ ವಯಸ್ಸಾಯಿತು ಅಂದುಕೊಳ್ಳುತ್ತೀರಿ. ಎಲ್‌ಇಡಿಯಲ್ಲೇ ಆಡುವವರು ಮೆನುವಿನಲ್ಲಿ ಗೇಮ್ ಮೋಡ್ ಹಾಕಿಕೊಳ್ಳಿ, ಎಷ್ಟೋ ವಾಸಿ. ಅಮೆರಿಕದಲ್ಲಿ ಹಳೇ ಟೆಟ್ರಿಸ್‌ಗೆ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಲ್ಲ, ಅಲ್ಲಿ ಇಂದಿಗೂ ಡಬ್ಬಾ ಟಿವಿಗಳನ್ನೇ ಸಾಲಾಗಿ ಜೋಡಿಸಿಡುತ್ತಾರೆ.

ಎಂಟು_ಬಿಟ್ · ಸೋಮವಾರ ರಾತ್ರಿ

ಬಂದೂಕಿನ ವಿಷಯದಲ್ಲಿ ಸೋತೆ, ಒಪ್ಪಿದೆ. ಟೆಟ್ರಿಸ್ ಅಂದಿರಲ್ಲ, 2023ರ ಡಿಸೆಂಬರಿನಲ್ಲಿ 13 ವರ್ಷದ ಹುಡುಗನೊಬ್ಬ ಅದನ್ನು ಲೆವೆಲ್ 157ರವರೆಗೆ ಆಡಿ ಗೇಮನ್ನೇ ನಿಲ್ಲಿಸಿಬಿಟ್ಟ. ಅಲ್ಲಿಯವರೆಗೆ ಮನುಷ್ಯರು ಯಾರೂ ಅಲ್ಲಿಗೆ ಮುಟ್ಟಿರಲಿಲ್ಲ. ಅವನು ಹುಟ್ಟುವ ಎಷ್ಟೋ ಮುಂಚೆ ಬಂದ ಗೇಮು ಅದು. ಹಳೇ ಆಟ ಬರೀ ಹಳಬರ ನೆನಪಿನ ವಸ್ತು ಅಂತ ಯಾರಾದರೂ ಅಂದರೆ ಇದನ್ನು ಹೇಳಿ.

ಟ್ಯಾಂಕ್_ಅಕ್ಕ · ಮಂಗಳವಾರ ಬೆಳಿಗ್ಗೆ

ಒಂದು ಡೌಟು ತಮ್ಮಾ. ಮಗ ತನ್ನ ಫೋನಿನಲ್ಲಿ ಮಾರಿಯೋ ಹಾಕಿಕೊಟ್ಟ. ಓಡುವುದು ಜಾಸ್ತಿ ಜೋರು ಅನ್ನಿಸುತ್ತೆ. ಹಾಡೂ ಬೇಗ ಬೇಗ. ನನ್ನ ಕೈ ನಿಧಾನ ಆಗಿದೆಯಾ, ಇಲ್ಲಾ ಗೇಮೇ ಬೇರೆಯಾ?

ಎಂಟು_ಬಿಟ್ · ಮಂಗಳವಾರ ಬೆಳಿಗ್ಗೆ

ಅಕ್ಕಾ, ನಿಮ್ಮ ಕೈ ಸರಿ ಇದೆ. ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗುತ್ತೆ.

ಜಪಾನ್ ಮತ್ತು ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿತ್ತು, ಅದು ಎನ್‌ಟಿಎಸ್‌ಸಿ ಪದ್ಧತಿ. ನಮ್ಮದು ಪಾಲ್ ಪದ್ಧತಿ, 50 ಸಲ. ಹಳೇ ಗೇಮುಗಳು ಸಮಯವನ್ನು ಅಳೆಯುವುದೇ ಈ ಚಿತ್ರಗಳ ಲೆಕ್ಕದಲ್ಲಿ. 60ಕ್ಕೆ ಬರೆದ ಗೇಮನ್ನು 50ರಲ್ಲಿ ಓಡಿಸಿದರೆ ಎಲ್ಲವೂ ಆರರಲ್ಲಿ ಒಂದು ಪಾಲು ನಿಧಾನ. ನೀವು ಅರಸೀಕೆರೆಯಲ್ಲಿ ಆಡಿದ ಮಾರಿಯೋ ಜಪಾನಿನ ಮಾರಿಯೋಗಿಂತ ನಿಧಾನಕ್ಕೆ ಓಡುತ್ತಿದ್ದ. ಇಡೀ ಬಾಲ್ಯ ಅದೇ ವೇಗಕ್ಕೆ ನಿಮ್ಮ ಬೆರಳು ಹೊಂದಿಕೊಂಡಿದೆ. ಫೋನಿನ ಎಮ್ಯುಲೇಟರ್ ಅಸಲಿ 60ರ ವೇಗದಲ್ಲಿ ಓಡಿಸುತ್ತಿದೆ.

ನಿಂಟೆಂಡೋ ಯುರೋಪಿಗೂ 50ರ ಸೆಟ್ ಮಾಡಿತ್ತು. ಆದರೆ ಅದರ ಪ್ರೊಸೆಸರ್ ವೇಗವನ್ನೂ 1.66 ಮೆಗಾಹರ್ಟ್ಸ್‌ಗೆ ಇಳಿಸಿದ್ದರು. ತೈವಾನಿನ ಯುಎಂಸಿ ಕಂಪನಿ ಮಾಡಿದ ನಕಲಿ ಚಿಪ್ ಇದೆಯಲ್ಲ, ಅದು 50ರಲ್ಲಿ ಓಡಿದರೂ ಪ್ರೊಸೆಸರ್ 1.77ರಲ್ಲಿ ಇರುತ್ತೆ, ಜಪಾನಿನದು 1.79. ಹಾಗಾಗಿ ಆಟ ನಿಧಾನ ಆದರೂ ಸ್ವರದ ಶ್ರುತಿ ಹೆಚ್ಚುಕಮ್ಮಿ ಅಸಲಿಯಷ್ಟೇ. ರಷ್ಯಾದಲ್ಲಿ ಇಂಥದೇ ಸೆಟ್ ಡೆಂಡಿ ಅನ್ನುವ ಹೆಸರಿನಲ್ಲಿ 1992ರಿಂದ ಮನೆಮನೆಗೆ ಹೋಯಿತು. ಅದಕ್ಕೇ ಎಮ್ಯುಲೇಟರ್ ಬರೆದವರು ಈ ಪದ್ಧತಿಗೆ ಡೆಂಡಿ ಅಂತಲೇ ಹೆಸರಿಟ್ಟಿದ್ದಾರೆ. ಮೆಸೆನ್, ಎಫ್‌ಸಿಇಯುಎಕ್ಸ್, ನೆಸ್ಟೋಪಿಯಾ ಅನ್ನುವ ಮೂರು ಎಮ್ಯುಲೇಟರ್‌ಗಳಲ್ಲೂ ರೀಜನ್ ಅನ್ನುವ ಕಡೆ ಎನ್‌ಟಿಎಸ್‌ಸಿ ಬದಲು ಡೆಂಡಿ ಆರಿಸಿ. ನಿಮ್ಮ ಹಳೇ ಮಾರಿಯೋ ವಾಪಸ್ ಬರುತ್ತಾನೆ.

ಟ್ಯಾಂಕ್_ಅಕ್ಕ · ಮಂಗಳವಾರ ರಾತ್ರಿ

ಹಾಕಿ ನೋಡಿದೆ ತಮ್ಮಾ. ಅಯ್ಯೋ, ಅದೇ. ಅದೇ ಹಾಡು. ಮಗ ಮಾತ್ರ ಇದು ಲ್ಯಾಗ್ ಆಗ್ತಿದೆ ಅಮ್ಮ ಅಂತಿದ್ದಾನೆ.

ಬಂದೂಕಿನ ವಿಷಯ ಇನ್ನೂ ಬಿಟ್ಟಿಲ್ಲ ನೋಡು.

ಟ್ಯೂಬ್_ಮೇಷ್ಟ್ರು · ಮಂಗಳವಾರ ರಾತ್ರಿ

ಎಂಟು_ಬಿಟ್ ಚೆನ್ನಾಗಿ ಬಿಡಿಸಿ ಹೇಳಿದ. ನಾನು ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಜಪಾನಿನಲ್ಲಿ ನಿಂಟೆಂಡೋದ ಫ್ಯಾಮಿಕಾಮ್ ಸೆಟ್ ಅಂಗಡಿಗೆ ಬಂದದ್ದು 1983ರ ಜುಲೈ 15. ನಮ್ಮ ಸೆಟ್ಟುಗಳೆಲ್ಲ ಅದರ ನಕಲು. ಅದೇ ವರ್ಷದ ಆಗಸ್ಟ್ ಕೊನೆಗೆ ಇನ್ಸಾಟ್-1ಬಿ ಮೇಲೆ ಹೋಯಿತು. ಅದನ್ನು ನಿಭಾಯಿಸಿದ್ದು ಎಲ್ಲಿಂದ? ನಮ್ಮ ಹಾಸನದ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದಿಂದ. ದೇಶದ ಮೂಲೆಮೂಲೆಗೆ ದೂರದರ್ಶನ ಮುಟ್ಟಿದ್ದು ಆ ಉಪಗ್ರಹದ ಮೇಲೆ. ಮನೆಗೆ ಟಿವಿ ಬಂದದ್ದಕ್ಕೇ ಅಲ್ವಾ ಆಮೇಲೆ ಅದಕ್ಕೆ ಗೇಮ್ ಚುಚ್ಚಿದ್ದು. ಎರಡೂ ಒಂದೇ ಮಳೆಗಾಲದಲ್ಲಿ ಆದವು ಅನ್ನುವುದು ನನಗೆ ಸುಮ್ನೆ ಖುಷಿ.

ಎಸ್ಟೇಟ್_ಪ್ಲೇಯರ್ · ಬುಧವಾರ ಬೆಳಿಗ್ಗೆ

ಎಲ್ಲರೂ ಬೂಷ್ಟಿನ ಪ್ರಶ್ನೆ ಮರೆತಿರಲ್ಲ ಮಾರಾಯ್ರೇ! ಆ ಪಾಪದವರು ಕೇಳಿದ್ದೇ ಅದು.

ನಮ್ಮದು ಚಿಕ್ಕಮಗಳೂರಿನಿಂದ ಮೇಲೆ, ಗಿರಿ ಕಡೆ ತೋಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಒಲೆಯ ಮೇಲೆ. ನನ್ನದು ಪಿಎಸ್2, ಅಂದರೆ ಸೋನಿಯ ಪ್ಲೇಸ್ಟೇಷನ್ 2, ಮತ್ತು ಒಂದು ಕಪಾಟು ಡಿಸ್ಕ್. ಮಲೆನಾಡಿನಲ್ಲಿ ವಿಡಿಯೋ ಗೇಮ್ ಹಾಳಾಗುವುದು ಆಡಿ ಅಲ್ಲ, ಆಡದೆ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಹಾಕಿ. ಅದರ ಬಿಸಿಗೇ ಒಳಗಿನ ತೇವ ಹೋಗುತ್ತೆ. ಆಡಲು ನೆಪವೂ ಆಯಿತು. ಮನೆಯಲ್ಲಿ ಕೇಳಿದರೆ ರಿಪೇರಿ ಅನ್ನಿ.

ಕ್ಯಾಸೆಟ್ಟುಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಾಗುವ ಹರಳು ತಗೊಳ್ಳಿ, ನೀಲಿ ಇದ್ದದ್ದು ಗುಲಾಬಿಯಾದರೆ ನೀರು ಕುಡಿದಿದೆ ಅಂತ ಗೊತ್ತಾಗುತ್ತೆ. ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತೆ. ಆ ನೀಲಿಯಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆ ಬಾಣಲೆಯಲ್ಲಿ ಮಾತ್ರ ಹುರಿಯಬೇಡಿ. ಡಬ್ಬಿ ಮುಚ್ಚುವ ಮುಂಚೆ ಕ್ಯಾಸೆಟ್ ಚೆನ್ನಾಗಿ ಒಣಗಿರಬೇಕು. ಇಲ್ಲದಿದ್ದರೆ ತೇವವನ್ನು ನೀವೇ ಒಳಗೆ ಕೂಡಿಹಾಕಿದ ಹಾಗೆ.

ಸೆಟ್ ಇಡುವ ಕಪಾಟಿನೊಳಗೆ ಒಂದು ಝೀರೋ ಕ್ಯಾಂಡಲ್ ಬಲ್ಬ್ ಹಾಕಿ. ಹಳೇ ಮಾದರಿಯದೇ ಬೇಕು, ಬಿಸಿಯಾಗುವಂಥದು. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತೆ ಅಷ್ಟೇ. ಕ್ಯಾಮೆರಾ ಲೆನ್ಸ್‌ಗೆ ಫಂಗಸ್ ಬರದ ಹಾಗೆ ಸ್ಟುಡಿಯೋದವರು ಮಾಡುವ ಉಪಾಯ ಇದು. ಬಟ್ಟೆ, ಪೇಪರ್ ಏನೂ ತಾಗದ ಹಾಗೆ ಹಾಕಿ. ಅಡುಗೆ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತೆ ನಿಜ, ಆದರೆ ಹೊಗೆಯ ಜಿಡ್ಡು ಪಿನ್ನಿಗೆ ಅಂಟಿದರೆ ಬಿಡುವುದೇ ಇಲ್ಲ. ಅಲ್ಲಿ ಬೇಡ.

ಕರೆಂಟಿಗೆ ಹಾಕುವ ಮುಂಚೆ ಸೆಟ್ ಅಲ್ಲಾಡಿಸಿ ನೋಡಿ. ನನ್ನ ಸೆಟ್ಟಿನೊಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು. ಜಿರಳೆಗಳಿಗೂ ಒಳಗಿನ ಬಿಸಿ ಬಲು ಇಷ್ಟ. ಮತ್ತೆ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಿ, ಡಿಶ್ ಕೇಬಲ್ಲೂ ಕೀಳಿ.

ಮೂಡಿಗೆರೆ_ಮಳೆ · ಬುಧವಾರ ರಾತ್ರಿ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ. ಐಜಿ ರೋಡಿನ ಒಂದು ಅಂಗಡಿಯಲ್ಲಿ 9 ವೋಲ್ಟಿನ ಅಡಾಪ್ಟರ್ ಸಿಕ್ಕಿತು, ಪ್ಲಸ್ ಮೈನಸ್ ಬದಲಿಸಿಕೊಳ್ಳುವಂಥದು. ಅಂಗಡಿಯವರೇ ಮೀಟರ್ ಹಿಡಿದು ತೋರಿಸಿದರು. ಸೆಟ್ಟಿನ ಕೆಂಪು ದೀಪ ಹತ್ತಿತು!

ಆದರೆ ಕ್ಯಾಸೆಟ್ ಹಾಕಿದರೆ ಬರೀ ಬೂದು ಪರದೆ. ಕೆಲವಕ್ಕೆ ಚೌಕ ಚೌಕ ಕಸ. ಊದಿ ಊದಿ ಹಾಕಿದೆ, ಒಂದೆರಡು ಬಂದವು. ಟಿವಿಯಲ್ಲಿ ಕಪ್ಪು ಬಿಳುಪು ಮಾತ್ರ. ಕೇಬಲ್ ಚಾನೆಲ್ ಹಾಕಿದರೆ ಕಲರ್ ಬರುತ್ತೆ.

ಬೇಲೂರು_ಬಾಂಬರ್ · ಬುಧವಾರ ರಾತ್ರಿ

ಊದಬೇಡಿ! ನಾವೆಲ್ಲ ಊದಿಯೇ ಬೆಳೆದವರು, ಆದರೂ ಬೇಡ. ಉಗುಳಿನ ತೇವಕ್ಕೆ ತಾಮ್ರದ ಪಿನ್ ಕಿಲುಬು ಹಿಡಿಯುತ್ತೆ. ಕೆಲಸ ಮಾಡಿದ್ದು ಉಸಿರಲ್ಲ, ಕ್ಯಾಸೆಟ್ ತೆಗೆದು ಮತ್ತೆ ಕೂರಿಸಿದ್ದು. ಔಷಧಿ ಅಂಗಡಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಕೇಳಿ, 99 ಪರ್ಸೆಂಟ್ ಇದ್ದರೆ ಒಳ್ಳೆಯದು. ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ ಅದ್ದಿ ಪಿನ್ ಉಜ್ಜಿ. ಹತ್ತಿ ಕಪ್ಪಾಗುವುದು ನಿಲ್ಲುವವರೆಗೆ ಉಜ್ಜಬೇಕು. ತುಂಬಾ ಕಿಲುಬಿದ್ದರೆ ಮೊದಲು ಬಿಳಿ ರಬ್ಬರ್‌ನಲ್ಲಿ ಹಗುರವಾಗಿ ಉಜ್ಜಿ, ಆಮೇಲೆ ಆಲ್ಕೋಹಾಲ್. ಪೂರ್ತಿ ಒಣಗಿದ ಮೇಲೆ ಹಾಕಿ. ಸೆಟ್ಟಿನ ಬಾಯಿಯೊಳಗಿನ ಪಿನ್ನುಗಳನ್ನೂ ಮರೆಯಬೇಡಿ. ಒಂದು ಸಾಲಿಗೆ 30ರ ಹಾಗೆ 60 ಪಿನ್ ಇವೆ, ಒಂದು ಸರಿಯಾಗಿ ತಾಗದಿದ್ದರೂ ಬೂದು ಪರದೆ.

ಚೀಲದಲ್ಲಿ 9999 ಗೇಮ್ ಅಂತ ಬರೆದ ಕ್ಯಾಸೆಟ್ ಇದೆಯಾ? ಇದ್ದೇ ಇರುತ್ತೆ. ಅದರಲ್ಲಿ ನಿಜವಾಗಿ ಇರುವುದು ಬೆರಳೆಣಿಕೆಯಷ್ಟು ಆಟ. ಉಳಿದದ್ದು ಅವೇ ಆಟಗಳನ್ನು ಬೇರೆ ಲೆವೆಲ್ಲಿನಿಂದ ಶುರು ಮಾಡಿ ಬೇರೆ ಹೆಸರಿಟ್ಟದ್ದು. ಚಿಕ್ಕವನಿದ್ದಾಗ ಒಂದು ಬೇಸಿಗೆ ರಜೆ ಪೂರ್ತಿ ಪಟ್ಟಿ ಕೆಳಗಿಳಿಸುತ್ತಾ ಹೊಸದು ಹುಡುಕಿದೆ. ಅದು ಮಾರುವವರ ಜಾಣತನ.

ಟ್ಯೂಬ್_ಮೇಷ್ಟ್ರು · ಗುರುವಾರ ಬೆಳಿಗ್ಗೆ

ಕಪ್ಪು ಬಿಳುಪಿಗೆ ಗಾಬರಿ ಬೇಡ. ಕೇಬಲ್‌ನಲ್ಲಿ ಕಲರ್ ಬರುತ್ತಿದ್ದರೆ ಟ್ಯೂಬ್ ಚೆನ್ನಾಗಿದೆ. ಟಿವಿ ಮೆನುವಿನಲ್ಲಿ ಕಲರ್ ಸಿಸ್ಟಂ ಅಂತ ಇರುತ್ತದೆ. ಎವಿಗೆ ಹಾಕಿಕೊಂಡು ಅಲ್ಲಿ ಆಟೋ ಅಥವಾ ಪಾಲ್ ಮಾಡಿ. ಎರಡಕ್ಕೂ ಕಲರ್ ಬರದಿದ್ದರೆ ಎನ್‌ಟಿಎಸ್‌ಸಿ ಮಾಡಿ ನೋಡಿ. ಕೆಲವು ಸೆಟ್ಟುಗಳು ಆ ಪದ್ಧತಿಯವೂ ಇದ್ದವು. ಪಾಲ್ ಮಾತ್ರ ಓದುವ ಟಿವಿಗೆ ಅವನ್ನು ಹಾಕಿದರೆ ಕಪ್ಪು ಬಿಳುಪೇ, ಚಿತ್ರ ಮೇಲೆ ಕೆಳಗೆ ಉರುಳುವುದೂ ಉಂಟು.

ಚಿತ್ರದ ಒಂದು ಮೂಲೆಯಲ್ಲಿ ನೇರಳೆಯೋ ಹಸಿರೋ ಕಲೆ ಇದ್ದರೆ ಪಕ್ಕದಲ್ಲಿ ಸ್ಪೀಕರ್ ಇದೆಯಾ ನೋಡಿ. ಅಯಸ್ಕಾಂತದ ಕೆಲಸ. ಸ್ಪೀಕರ್ ದೂರ ಇಟ್ಟು, ಟಿವಿಯನ್ನು ಮೇನ್ ಸ್ವಿಚ್ಚಿನಲ್ಲೇ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಹಾಕಿ. ಆನ್ ಆಗುವಾಗ ಡುಂಯ್ ಅನ್ನುತ್ತಲ್ಲ, ಅದು ಟ್ಯೂಬ್ ತನ್ನ ಕಲೆ ತಾನೇ ಒರೆಸಿಕೊಳ್ಳುವ ಸದ್ದು.

ಜಾವಗಲ್_ಯಾರ್ಕರ್ · ಗುರುವಾರ ಮಧ್ಯಾಹ್ನ

ಎಲ್ಲರೂ ಮಾರಿಯೋ, ಟ್ಯಾಂಕ್ ಅಂತಿದ್ದೀರಿ. ನಮ್ಮ ಕಾಲದವರಿಗೆ ಹಳೇ ಗೇಮ್ ಅಂದರೆ ಕ್ರಿಕೆಟ್ 07. ಅದು ಬಂದದ್ದು 2006ರಲ್ಲಿ. ಹಾಸನದ ಸೈಬರ್ ಸೆಂಟರ್‌ನಲ್ಲಿ ಗಂಟೆಯ ಲೆಕ್ಕದಲ್ಲಿ ಕೂತು ಆಡಿದ್ದು. ಟ್ಯೂಷನ್ ಅಂತ ಮನೆಯಲ್ಲಿ ಹೇಳಿ ಬಂದವರೇ ಎಲ್ಲ. ಇಂದಿಗೂ ಜನ ಅದಕ್ಕೆ ಹೊಸ ಐಪಿಎಲ್ ಜೆರ್ಸಿ, ಹೊಸ ಆಟಗಾರರನ್ನು ಸೇರಿಸಿ ಆಡುತ್ತಾರೆ. ಶ್ರೀನಾಥ್ 2003ರಲ್ಲೇ ನಿವೃತ್ತರಾದರು. ನನ್ನ ಕಂಪ್ಯೂಟರಿನಲ್ಲಿ ಮಾತ್ರ ಇನ್ನೂ ಬೌಲಿಂಗ್ ಮಾಡುತ್ತಿದ್ದಾರೆ, ಹೊಸ ಬಾಲ್ ಅವರಿಗೇ. ಊರಿನ ಹೆಸರು ಹೊತ್ತವರಿಗೆ ಅಷ್ಟೂ ಮಾಡದಿದ್ದರೆ ಹೇಗೆ.

ಎಸ್ಟೇಟ್_ಪ್ಲೇಯರ್ · ಗುರುವಾರ ರಾತ್ರಿ

ಅದು ಪಿಎಸ್2ರಲ್ಲೂ ಇದೆ! ಪಿಎಸ್2 ಬಂದದ್ದು 2000ದಲ್ಲಿ, ಮಾಡುವುದು ನಿಂತದ್ದು 2013ರಲ್ಲಿ. 15 ಕೋಟಿಗೂ ಹೆಚ್ಚು ಮಾರಾಟವಾದ ಸೆಟ್ಟು. 2009ರಲ್ಲಿ ಹೈದರಾಬಾದಿನವರು ಹನುಮಂತನ ಮೇಲೆ ಅದಕ್ಕೊಂದು ಗೇಮ್ ಮಾಡಿದರು. ಅದೇ ವರ್ಷ ದೇಸಿ ಅಡ್ಡಾ ಅಂತ ಇನ್ನೊಂದು ಬಂತು, ಅದರಲ್ಲಿ ನಮ್ಮ ಚಿನ್ನಿದಾಂಡೂ ಇದೆ. ಆಟ ಎರಡೂ ಸಾಧಾರಣ, ಸುಳ್ಳು ಹೇಳಲ್ಲ. ಆದರೆ ನನ್ನ ಕಪಾಟಿನಲ್ಲಿ ಅವಕ್ಕೆ ಮುಂದಿನ ಸಾಲು.

ಕಡೂರು_ಕಾಂಟ್ರಾ · ಗುರುವಾರ ರಾತ್ರಿ

ಮನೆಯಲ್ಲಿ ಏನಂತಾರೆ ಅಂತ ಯಾರೂ ಬರೆಯುತ್ತಿಲ್ಲ. ನಾನೇ ಬರೆಯುತ್ತೇನೆ. ನನ್ನ ಹೆಂಡತಿ ನನ್ನ ಸೆಟ್ಟಿಗೆ ಇಟ್ಟ ಹೆಸರು ದೊಡ್ಡ ಮಗ. ಬಟ್ಟೆ ಹೊದಿಸ್ತೀಯ, ಸ್ನಾನ ಮಾಡಿಸ್ತೀಯ, ಮಳೆ ಬಂದರೆ ಒಳಗೆ ಇಡ್ತೀಯ ಅಂತಾಳೆ. ಅಂಗಡಿ ಬಾಗಿಲು ಹಾಕಿ ಬಂದು ಊಟ ಆದಮೇಲೆ ಒಂದು ಆಟ, ಅಷ್ಟೇ ನನ್ನ ಹವ್ಯಾಸ. ಭಾನುವಾರ ಮಕ್ಕಳ ಜೊತೆ. ಮಗಳಿಗೆ ಫೋನಿನ ಗೇಮ್ ಬೇಸರ, ಇದೇ ಬೇಕು. ಕಾರಣ ಕೇಳಿದರೆ ಇದರಲ್ಲಿ ಜಾಹೀರಾತು ಬರಲ್ಲ ಅಪ್ಪಾ ಅಂದಳು.

ನಾನು ಆಡುವುದು ಕಾಂಟ್ರಾ. ರಿಮೋಟಿನಲ್ಲಿ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಸ್ಟಾರ್ಟ್ ಒತ್ತಿದರೆ 30 ಜೀವ. ಮಗ್ಗಿ ಮರೆತರೂ ಇದು ಮರೆಯಲ್ಲ.

ಎಂಟು_ಬಿಟ್ · ಗುರುವಾರ ರಾತ್ರಿ

ಆ ಕೋಡ್ ಮೊದಲು ಬಂದದ್ದು ಕಾಂಟ್ರಾಗೆ ಅಲ್ಲ, 1986ರ ಗ್ರಾಡಿಯಸ್‌ಗೆ. ಗೇಮ್ ಕಂಪನಿ ಕೊನಾಮಿಯ ಕಝುಹಿಸಾ ಹಾಶಿಮೊಟೊ ಗೇಮ್ ಪರೀಕ್ಷೆ ಮಾಡಬೇಕಿತ್ತು, ಅವರಿಗೇ ಅದು ಬಹಳ ಕಷ್ಟ ಆಯಿತು. ತಮ್ಮ ಅನುಕೂಲಕ್ಕೆ ಹಾಕಿಕೊಂಡ ಕೋಡ್ ಹಾಗೇ ಉಳಿದುಬಿಟ್ಟಿತು. ಅವರು 2020ರಲ್ಲಿ ತೀರಿಕೊಂಡರು. ಕಡೂರಿನವರೇ, ಇಬ್ಬರು ಆಡುವಾಗ ಸ್ಟಾರ್ಟ್‌ಗೆ ಮುಂಚೆ ಸೆಲೆಕ್ಟ್ ಒತ್ತಿ. ಮಗಳಿಗೂ 30 ಜೀವ ಸಿಗಲಿ.

ಹೊಳೆನರಸೀಪುರ_ಹೈಸ್ಕೋರ್ · ಶುಕ್ರವಾರ ಬೆಳಿಗ್ಗೆ

ಮಾರಿಯೋ, ಕಾಂಟ್ರಾ ಎಲ್ಲ ಇರುವ ರಾಮ್ (ROM) ಫೈಲುಗಳ, ಅಂದರೆ ಕ್ಯಾಸೆಟ್ಟಿನ ಗೇಮನ್ನು ನಕಲು ಮಾಡಿದ ಫೈಲುಗಳ, ಲಿಂಕ್ ಯಾರಾದರೂ ಹಾಕ್ತೀರಾ? ಜಾತ್ರೆಯಲ್ಲಿ ತಂದ 400 ಗೇಮಿನ ಕೈಯಾಟ ಕೆಟ್ಟುಹೋಯಿತು.

ನಿರ್ವಾಹಕ · ಶುಕ್ರವಾರ ಬೆಳಿಗ್ಗೆ

ಲಿಂಕ್ ಇಲ್ಲಿ ಹಾಕುವಂತಿಲ್ಲ, ಕೇಳುವುದೂ ಬೇಡ. ಗೇಮ್ ಹಳೆಯದಾದರೂ ಹಕ್ಕು ಕಂಪನಿಯದೇ. ನೀವು ಕಾನೂನುಬದ್ಧವಾಗಿ ಇಟ್ಟುಕೊಂಡಿರುವ ಪ್ರೋಗ್ರಾಮ್ ಹಾಳಾಗದಂತೆ ಒಂದು ಪ್ರತಿ ಮಾಡಿಟ್ಟುಕೊಳ್ಳಲು ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಊರಿಗೆಲ್ಲ ಹಂಚಲು ಕೊಡುವುದಿಲ್ಲ. ನಮ್ಮ ನಕಲಿ ಕ್ಯಾಸೆಟ್ಟುಗಳ ಕಥೆ ಕೇಳಬೇಡಿ, ಅದು ಇನ್ನೂ ಮುಜುಗರದ್ದು.

ಕೈಯಾಟದ ಹಿಂದಿನ ಕವರ್ ತೆಗೆದು ನೋಡಿ. ಅಂಥವುಗಳಲ್ಲಿ ನೋಕಿಯಾ ಫೋನಿನ ಬಿಎಲ್-5ಸಿ ಮಾದರಿಯ ಬ್ಯಾಟರಿಯೇ ಇರುತ್ತದೆ. ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ಬದಲಿಸಿ. ಹೆಚ್ಚಿನ ಸಲ ಕೆಟ್ಟಿರುವುದು ಅದೊಂದೇ.

ಬೇಲೂರು_ಬಾಂಬರ್ · ಶುಕ್ರವಾರ ಸಂಜೆ

ಕೊಳ್ಳುವವರಿಗೆ ಒಂದು ಮಾತು. ಆನ್‌ಲೈನ್‌ನಲ್ಲಿ ಈಗ ರೆಟ್ರೋ, ವಿಂಟೇಜ್ ಅಂತ ಬರೆದರೆ ಸಾಕು, ರೇಟು ಆಕಾಶಕ್ಕೆ. ನಾನು ಒಂದು ಸೆಟ್ ತರಿಸಿದೆ, ಫೋಟೋದಲ್ಲಿ ಹಳೇ ಡಬ್ಬ, ಬಂದದ್ದು ಹೊಸ ಪ್ಲಾಸ್ಟಿಕ್. ಮಾರಿದವರು ಫೋನೇ ಎತ್ತಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಒಂದು ಕಪ್ಪು ಬೊಟ್ಟು ಮಾತ್ರ. ಇಡೀ ಗೇಮನ್ನು ಒಂದೇ ಚಿಪ್‌ಗೆ ಇಳಿಸಿ ಮೇಲೆ ಅಂಟು ಸುರಿದದ್ದು. ಅದು ಕೆಟ್ಟರೆ ಮುಗಿಯಿತು, ಬದಲಿಸಲು ಏನೂ ಇಲ್ಲ. ಹಳೇ ಸೆಟ್ಟಿನಲ್ಲಿ ಬೇರೆ ಬೇರೆ ಕಾಲಿರುವ ಚಿಪ್ಪುಗಳು ಕಾಣುತ್ತವೆ, ತೂಕವೂ ಇರುತ್ತೆ. ಹಾಗಿದ್ದರೆ ಮಾತ್ರ ದುಡ್ಡು ಕೊಡಿ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವವರು ಇದ್ದರೆ ಹೇಳಿ, ನನಗೆ ಬಿಡಿಭಾಗ ಬೇಕು.

ಹಳದಿಯಾದ ಪ್ಲಾಸ್ಟಿಕ್ ಬೆಳ್ಳಗೆ ಮಾಡುವುದನ್ನು ಮಳೆಯವರು ಈಗಲೇ ಮಾಡಿಕೊಳ್ಳಿ. ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ 40 ವಾಲ್ಯೂಮ್ ಡೆವಲಪರ್ ಕ್ರೀಮ್ ಸಿಗುತ್ತೆ. ಅದು 12 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಬರೀ ಕವರ್‌ಗೆ ಬಳಿದು, ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗೆ ಇಡಿ. ಕೈಗೆ ಗ್ಲೌಸ್ ಹಾಕಿ, ಚರ್ಮ ಸುಡುತ್ತೆ. ಒಂದೇ ಸಮ ಬಳಿಯದಿದ್ದರೆ ಪಟ್ಟೆ ಪಟ್ಟೆ ಆಗುತ್ತೆ. ಜೂನ್ ಬಂದಮೇಲೆ ನಿಮ್ಮಲ್ಲಿ ಬಿಸಿಲಿಗೆ ಅಕ್ಟೋಬರ್ ಕಾಯಬೇಕು.

ಮೂಡಿಗೆರೆ_ಮಳೆ · ಶುಕ್ರವಾರ ರಾತ್ರಿ

ಕಲರ್ ಬಂತು! ಮೇಷ್ಟ್ರು ಹೇಳಿದ ಹಾಗೆ ಸಿಸ್ಟಂ ಎನ್‌ಟಿಎಸ್‌ಸಿಯಲ್ಲಿ ಕೂತಿತ್ತು. ಪಾಲ್ ಮಾಡಿದೆ. ಪಿನ್ ಉಜ್ಜಿದ ಮೇಲೆ ಮುಕ್ಕಾಲು ಪಾಲು ಕ್ಯಾಸೆಟ್ ಓಡುತ್ತಿವೆ. ಟ್ಯಾಂಕ್ ಗೇಮ್ ಇದೆ ಅಕ್ಕಾ. ಬಾತುಕೋಳಿಯೂ ಬೀಳುತ್ತಿದೆ.

ಅಪ್ಪ ಹದ್ದು ಕಾಯುವ ಕೆಲಸಕ್ಕೆ ಕೂತವರು ಇನ್ನೂ ಎದ್ದಿಲ್ಲ. ಗುಜರಿಯವನಿಗೆ ಹಳೇ ಮಿಕ್ಸಿ ಕೊಡುವುದು ಅಂತ ತೀರ್ಮಾನ ಆಗಿದೆ.

ಒಂದು ತೊಂದರೆ ಇದೆ. ಎರಡನೇ ರಿಮೋಟಿನ ಎಡಗಡೆ ಬಟನ್ ಎಷ್ಟು ಒತ್ತಿದರೂ ಕೇಳಲ್ಲ. ಬಿಚ್ಚಬಹುದಾ?

ಟ್ಯೂಬ್_ಮೇಷ್ಟ್ರು · ಶುಕ್ರವಾರ ರಾತ್ರಿ

ರಿಮೋಟ್ ಧಾರಾಳವಾಗಿ ಬಿಚ್ಚಿ, ಅಲ್ಲಿ ಹೊಡೆಯುವಂಥದು ಏನಿಲ್ಲ. ಸೆಟ್ ಆಫ್ ಮಾಡಿ ಸ್ಕ್ರೂ ತೆಗೆಯಿರಿ. ಒಳಗೆ ರಬ್ಬರ್ ಹಾಳೆ, ಅದರಡಿ ಕಪ್ಪು ಬೊಟ್ಟು. ಬೋರ್ಡಿನ ಕಪ್ಪು ಜಾಗವನ್ನು ಅದೇ ಆಲ್ಕೋಹಾಲಿನಲ್ಲಿ ಹಗುರವಾಗಿ ಒರೆಸಿ, ಜೋರಾಗಿ ಉಜ್ಜಿದರೆ ಕಪ್ಪೇ ಎದ್ದುಬರುತ್ತೆ. ಆದರೂ ಕೇಳದಿದ್ದರೆ ರಬ್ಬರ್ ಸವೆದಿದೆ. ಕೆಟ್ಟ ಟಿವಿ ರಿಮೋಟಿನ ರಬ್ಬರ್ ಬೊಟ್ಟು ಕತ್ತರಿಸಿ ಅಂಟಿಸಬಹುದು. ವೈರ್ ರಿಮೋಟಿನ ಬುಡದಲ್ಲಿ ತುಂಡಾಗಿರುವುದೂ ಉಂಟು, ಬಗ್ಗಿಸಿ ಹಿಡಿದಾಗ ಬಟನ್ ಕೇಳಿದರೆ ಅದೇ ಕಾರಣ. ಆಗ ಸೋಲ್ಡರ್ ಮಾಡಬೇಕು. ಹಾಸನಕ್ಕೆ ಬಂದರೆ ತಗೊಂಡು ಬನ್ನಿ, ನಾನೇ ಮಾಡಿಕೊಡುತ್ತೇನೆ.

ಟ್ಯಾಂಕ್_ಅಕ್ಕ · ಶುಕ್ರವಾರ ರಾತ್ರಿ

ಅದು ಸರಿ ಆಗುವವರೆಗೆ ಎರಡನೇ ರಿಮೋಟ್ ಅಪ್ಪನ ಕೈಗೆ ಕೊಡಬೇಡಿ. ಬಲಗಡೆ ಹೋದ ಟ್ಯಾಂಕ್ ವಾಪಸ್ ಬರಲ್ಲ.